ಟ್ರೈಕೋ ಕಾರ್ಡ್ ಕಟ್ಟುವ ಮುಂಚೆ, ಗಿಡಕ್ಕೆ ಏನು ಹೊಡೆದಿದ್ದೀರಿ ನೆನಪು ಮಾಡಿಕೊಳ್ಳಿ

ಟೊಮೆಟೊದ ಕಾಯಿಕೊರಕಕ್ಕೆ ಅಂತ ಟ್ರೈಕೋ ಕಾರ್ಡ್ ತರಿಸುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಾನು ಕಟ್ಟಿದ ಕಾರ್ಡುಗಳೆಲ್ಲ ದಂಡವಾದವು. ಕಾರ್ಡಿನ ತಪ್ಪಲ್ಲ, ನನ್ನದೇ ತಪ್ಪು.

ಈ ಕಾರ್ಡಿನ ಮೇಲೆ ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟಿಸಿರುತ್ತಾರೆ. ಅವುಗಳ ಒಳಗೆ ಟ್ರೈಕೋಗ್ರಾಮ ಅನ್ನೋ ಕಣಜ ಬೆಳೆಯುತ್ತಿರುತ್ತದೆ. ಹೊರಗೆ ಬಂದಾಗ ಅರ್ಧ ಮಿಲಿಮೀಟರ್ ಇದ್ದರೆ ಜಾಸ್ತಿ. ಹೆಣ್ಣು ಕಣಜ ಎಲೆ ಎಲೆ ನಡೆದು, ಪತಂಗ ಇಟ್ಟ ಮೊಟ್ಟೆ ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಆಮೇಲೆ ಆ ಮೊಟ್ಟೆಯಿಂದ ಕಾಯಿ ಕೊರೆಯೋ ಹುಳು ಬರೋದೇ ಇಲ್ಲ, ಇನ್ನೊಂದು ಕಣಜ ಬರುತ್ತದೆ.

ಕಾರ್ಡ್ ಕಟ್ಟುವ ಒಂದು ವಾರ ಮುಂಚೆ ಬಿಳಿನೊಣ ಕಂಡಿತು ಅಂತ ಸೈಪರ್‌ಮೆಥ್ರಿನ್ ಹೊಡೆದಿದ್ದೆ. ಹೊಡೆದ ಮೇಲೆ ಕೊಯ್ಲಿಗೆ ಕಾಯಬೇಕು ಅಂತ ಡಬ್ಬಿ ಮೇಲೆ ಬರೆದ ದಿನಗಳು ಮುಗಿದಿದ್ದವು. ವಾಸನೆಯೂ ಇರಲಿಲ್ಲ. ಇನ್ನೇನು ತೊಂದರೆ ಅಂದುಕೊಂಡೆ. ಆದರೆ ಆ ದಿನಗಳ ಲೆಕ್ಕ ಹಣ್ಣು ತಿನ್ನೋ ಮನುಷ್ಯರಿಗೆ. ಕಣಜಕ್ಕಲ್ಲ. ಈ ಜಾತಿಯ ಔಷಧಿ ಎಲೆ ಮೇಲೆ ಒಣಗಿ ವಾರಗಟ್ಟಲೆ ಉಳಿಯುತ್ತದೆ, ಅಷ್ಟು ಪುಟ್ಟ ಜೀವಕ್ಕೆ ಆ ಉಳಿಕೆಯೇ ಸಾಕು.

ಕಾರ್ಡ್ ಕಟ್ಟಿ ಮೂರನೇ ದಿನ ಭೂತಗನ್ನಡಿ ಹಿಡಿದು ನೋಡಿದೆ. ಕಪ್ಪು ಮೊಟ್ಟೆಗಳಲ್ಲಿ ಸಣ್ಣ ಸಣ್ಣ ತೂತು. ಕಣಜಗಳು ಹೊರಗೆ ಬಂದಿವೆ ಅಂತ ಖುಷಿಯಾಯಿತು. ಕಾರ್ಡಿನ ಕೆಳಗಿನ ಎಲೆ ನೋಡಿದರೆ ಹುಡಿ ಉದುರಿದ ಹಾಗೆ ಬಿದ್ದಿದ್ದವು. ಕೆಲವು ಮಗುಚಿಕೊಂಡು ಇನ್ನೂ ಕಾಲು ಆಡಿಸುತ್ತಿದ್ದವು. ನಾನೇ ತಂದು, ನಾನೇ ಕೊಂದೆ ಅನ್ನೋ ಸಂಕಟ ಇವತ್ತಿಗೂ ಹೋಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಕಾಯಿಕೊರಕ ಬಂದೇ ಬಂತು, ಜೊತೆಗೆ ಕೆಂಪು ನುಸಿ. ನುಸಿಯನ್ನು ತಿಂದು ಹದ್ದುಬಸ್ತಿನಲ್ಲಿಡುವ ಒಳ್ಳೆ ನುಸಿಗಳೂ ಅದೇ ಔಷಧಿಗೆ ಸತ್ತಿದ್ದವು.

ಸಾವಯವ ಅಂತ ಬರೆದಿದ್ದನ್ನೂ ಸುಮ್ನೆ ನಂಬಬೇಡಿ. ಸ್ಪಿನೋಸ್ಯಾಡ್ ಅನ್ನೋ ಔಷಧಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದೇ, ಆದರೂ ಈ ಕಣಜಗಳಿಗೆ ವಿಷ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಥರದ ರಾಸಾಯನಿಕ ಔಷಧಿಗಳ ಬಗ್ಗೆ ಹೇಳೋದೇ ಬೇಡ. ಇಮಿಡಾಕ್ಲೋಪ್ರಿಡ್ ಗಿಡದ ರಸಕ್ಕೆ ಸೇರಿ ಮಕರಂದಕ್ಕೂ ಬರುತ್ತದೆ, ಕಣಜ ಕುಡಿಯೋದು ಅದನ್ನೇ ಅಲ್ವಾ. ಸಾಯದೆ ಉಳಿದವೂ ಎಷ್ಟೋ ಸಲ ಮೊಟ್ಟೆ ಹುಡುಕೋದರಲ್ಲಿ, ಇಡೋದರಲ್ಲಿ ಹಿಂದೆ ಬೀಳುತ್ತವೆ. ಹುಳಕ್ಕೆ ಹೊಡೆಯಲೇಬೇಕಾದರೆ ಬಿಟಿ (ಹುಳು ತಿಂದರೆ ಸಾಯುವ ಬ್ಯಾಕ್ಟೀರಿಯಾದ ಔಷಧಿ) ನೋಡಿ, ಅದರಿಂದ ಕಣಜಕ್ಕೆ ತೊಂದರೆ ಇಲ್ಲದಷ್ಟು ಕಡಿಮೆ.

ಪಕ್ಕದ ಹೊಲದವರನ್ನೂ ಕೇಳಿ, ಗಾಳಿಗೆ ತೇಲಿ ಬಂದ ಔಷಧಿಯೂ ಔಷಧಿಯೇ.

ಈಗ ನಾನು ಎರಡು ಗಾಜಿನ ಬಾಟಲಿ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಹೊಲದ ಎಲೆ, ಇನ್ನೊಂದರಲ್ಲಿ ಔಷಧಿಯನ್ನೇ ಕಾಣದ ಗಿಡದ ಎಲೆ. ಎರಡಕ್ಕೂ ಒಂದೊಂದು ಚೂರು ಕಾರ್ಡ್ ಹಾಕಿ, ಬಾಯಿಗೆ ಒತ್ತಾದ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡುತ್ತೇನೆ. ಕಣಜ ಹೊರಬಂದ ಮಾರನೇ ದಿನ ಎರಡರಲ್ಲೂ ಒಂದೇ ಥರ ಓಡಾಡುತ್ತಿದ್ದರೆ ಮಾತ್ರ ಉಳಿದ ಕಾರ್ಡ್ ತರಿಸುತ್ತೇನೆ.