ಮೀಪ್: ಪಲ್ಸ್ ಹೋದ ಮೇಲೂ ಫೀಲ್ಡ್ ಯಾಕೆ ಉಳಿಯುತ್ತದೆ?

ಲೇಸರ್ ಪಲ್ಸ್ ಸಿಮ್ಯುಲೇಶನ್‌ಗೆ ನಾನು ವರ್ಷಗಳಿಂದ ಮೀಪ್ ಬಳಸುತ್ತಿದ್ದೇನೆ. ಎಂಐಟಿಯಲ್ಲಿ ಹುಟ್ಟಿದ ಎಫ್‌ಡಿಟಿಡಿ ಸಾಫ್ಟ್‌ವೇರ್, ಅಂದರೆ ಜಾಗ ಮತ್ತು ಸಮಯವನ್ನು ಚಿಕ್ಕ ಚಿಕ್ಕ ಹೆಜ್ಜೆ ಮಾಡಿ ಬೆಳಕಿನ ಅಲೆಯನ್ನು ಲೆಕ್ಕ ಹಾಕುವಂಥದ್ದು. ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಸಿಗುತ್ತದೆ. ಪೈಥಾನ್ ಗೊತ್ತಿದ್ದರೆ ಸಾಕು. ಲಿನಕ್ಸ್, ಮ್ಯಾಕ್‌ನಲ್ಲಿ ಕೊಂಡಾ ಎಂಬ ಪ್ಯಾಕೇಜ್ ಟೂಲ್‌ನಿಂದ ಇನ್‌ಸ್ಟಾಲ್ ಸಲೀಸು. ವಿಂಡೋಸ್‌ನವರಿಗೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಬೇಕು.

ಹೊಸಬರು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಒಂದೇ ವಿಷಯಕ್ಕೆ. ಪಲ್ಸ್ ಹೊರಗೆ ಹೋಗಿ ಆಗಿದೆ, ಸೋರ್ಸ್ ಆಫ್ ಆಗಿದೆ. ಆದರೂ ಸೋರ್ಸ್ ಇದ್ದ ಜಾಗದ ಸುತ್ತ ಎಲೆಕ್ಟ್ರಿಕ್ ಫೀಲ್ಡ್ ಕದಲದೆ ಕೂತಿರುತ್ತದೆ. ಫೀಲ್ಡ್ ಇಳಿದ ಮೇಲೆ ನಿಲ್ಲಿಸು ಅಂತ ಬರೆದಿದ್ದರೆ ರನ್ ಮುಗಿಯುವುದೇ ಇಲ್ಲ. ಎಲ್ಲರ ಅನುಮಾನ ಮೊದಲು ಪಿಎಂಎಲ್ ಮೇಲೆ, ಅಂದರೆ ಸಿಮ್ಯುಲೇಶನ್ ಅಂಚಿನಲ್ಲಿ ಇಡುವ ಹೀರುವ ಪದರದ ಮೇಲೆ. ಅದನ್ನು ದಪ್ಪ ಮಾಡುತ್ತಾರೆ. ಸುಮ್ನೆ ಮೆಮೊರಿ ದಂಡ! ಪಿಎಂಎಲ್ ಇರುವುದು ಹೊರಟ ಅಲೆಯನ್ನು ನುಂಗಲು. ನಿಂತ ಫೀಲ್ಡ್ ಅದರ ಕೆಲಸವಲ್ಲ.

ಕಾರಣ ಚಾರ್ಜ್. ಮೀಪ್‌ನಲ್ಲಿ ಸೋರ್ಸ್ ಅಂದರೆ ಕರೆಂಟ್. ಆ ಕರೆಂಟ್ ಆಚೆ ಈಚೆ ಓಡಾಡಿ ಕೊನೆಗೆ ಲೆಕ್ಕ ಸೊನ್ನೆಗೆ ಬರದಿದ್ದರೆ ಒಂದು ತುದಿಯಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಉಳಿದುಬಿಡುತ್ತದೆ. ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ಅದೇ ಸರಿಯಾದ ಉತ್ತರ. ಬಗ್ ಅಲ್ಲ.

ಮೀಪ್ ಬರೆದವರು ಇದನ್ನು ಯೋಚಿಸಿದ್ದಾರೆ. ಅದರ ರೆಡಿಮೇಡ್ ಗಾಸಿಯನ್ (ಗಂಟೆಯಾಕಾರದ) ಸೋರ್ಸ್ ನಿಜಕ್ಕೂ ಗಾಸಿಯನ್ ಅಲ್ಲ, ಗಾಸಿಯನ್‌ನ ಡೆರಿವೇಟಿವ್. ಹಾಗಾಗಿ ಒಟ್ಟು ಸೊನ್ನೆ. ನಾವೇ ಫಂಕ್ಷನ್ ಬರೆದು ಕಸ್ಟಮ್ ಸೋರ್ಸ್‌ಗೆ ಕೊಟ್ಟಾಗ ಆ ರಕ್ಷಣೆ ಇರುವುದಿಲ್ಲ. ಅದರಲ್ಲೂ ಪಲ್ಸ್ ಒಂದೆರಡು ಸೈಕಲ್‌ನಷ್ಟು ಗಿಡ್ಡವಾದರೆ ತೊಂದರೆ ಎದ್ದು ಕಾಣುತ್ತದೆ. 800 ನ್ಯಾನೋಮೀಟರ್‌ಗೆ ಒಂದು ಸೈಕಲ್ ಅಂದರೆ ಸುಮಾರು 2.7 ಫೆಮ್ಟೋಸೆಕೆಂಡ್. ಉದ್ದ ಪಲ್ಸ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಬಾಲವನ್ನು ನಡುವೆಯೇ ಕತ್ತರಿಸದಿದ್ದರೆ.

ಪರೀಕ್ಷೆ ಸುಲಭ. ಎನ್ವಲಪ್ (ಪಲ್ಸ್‌ನ ಹೊರ ಆಕಾರ) ಹಾಗೇ ಇಟ್ಟು ಒಳಗಿನ ಕೊಸೈನನ್ನು ಸೈನ್ ಮಾಡಿ. ಸೈನ್ ಪಲ್ಸ್‌ನಲ್ಲಿ ಎರಡು ಬದಿ ಒಂದನ್ನೊಂದು ಕಳೆಯುತ್ತವೆ. ಫೀಲ್ಡ್ ಮಾಯವಾದರೆ ಕಾರಣ ಇದೇ ಅಂತ ಧೈರ್ಯವಾಗಿ ಹೇಳಬಹುದು. ಮಾಯವಾಗದಿದ್ದರೆ ಬೇರೆ ಕಡೆ ಹುಡುಕಬೇಕು. 2ಡಿಯಲ್ಲಿ ಇಝಡ್ ಸೋರ್ಸ್, ಅಂದರೆ ಕರೆಂಟ್ 2ಡಿ ಸಮತಲಕ್ಕೆ ಲಂಬವಾಗಿ ಹರಿಯುವ ಸೋರ್ಸ್, ಇಟ್ಟು ನೋಡುವುದೂ ಒಂದು ದಾರಿ. ಅಲ್ಲಿ ಚಾರ್ಜ್ ಸೇರಲು ತುದಿಯೇ ಇಲ್ಲ ಅಲ್ವಾ?

ಕೊಸೈನ್ ಪಲ್ಸೇ ಬೇಕು ಅನ್ನುವವರು ಸೊನ್ನೆಯಿಂದ ಶುರುವಾಗಿ ಸೊನ್ನೆಗೆ ಮುಗಿಯುವ ಡೈಪೋಲ್ (ಪ್ಲಸ್-ಮೈನಸ್ ಚಾರ್ಜ್ ಜೋಡಿ) ಬರೆದು, ಅದರ ಡೆರಿವೇಟಿವ್ ಅನ್ನು ಕರೆಂಟ್ ಆಗಿ ಕೊಡಿ. ಸ್ಪೆಕ್ಟ್ರಂ ಸ್ವಲ್ಪ ನೀಲಿ ಕಡೆ ಸರಿಯುತ್ತದೆ. ರೆಫರೆನ್ಸ್ ರನ್ (ವಸ್ತು ಇಲ್ಲದೆ ಮಾಡುವ ಹೋಲಿಕೆಯ ರನ್) ಅನ್ನೂ ಅದೇ ಸೋರ್ಸ್‌ನಿಂದ ಮತ್ತೆ ಮಾಡಿ. ಹಳೆಯ ಫೈಲ್ ಇಟ್ಟುಕೊಂಡು ಭಾಗಿಸಿದರೆ ಟ್ರಾನ್ಸ್‌ಮಿಷನ್ 1 ದಾಟಬಹುದು.