ಹುಬ್ಬಳ್ಳಿ ಶೆಡ್ಡೋ, ಮೈಸೂರು ಶೆಡ್ಡೋ? ಸಣ್ಣ ಕಾರ್ಖಾನೆಯವನ ಲೆಕ್ಕಾಚಾರ

ಇಂಡಸ್ಟ್ರಿಯಲ್ ವಾಲ್ವ್‌ಗಳ ಬಿಡಿಭಾಗಗಳನ್ನು ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರದಲ್ಲಿ ಬೇರೆ ಕಂಪನಿಗಳಿಗೆ ಮಾಡಿಕೊಡುವ ಜಾಬ್‌ವರ್ಕ್ ನಮ್ಮದು. ಹುಬ್ಬಳ್ಳಿಯಲ್ಲೂ ಮೈಸೂರಿನಲ್ಲೂ ಬಾಡಿಗೆ ಶೆಡ್ ಹಿಡಿದು ಒಂದೇ ಬಗೆಯ ಯಂತ್ರ ನಡೆಸಿದ್ದೇನೆ. ಹೂಡಿಕೆದಾರರನ್ನು ಕರೆಯುವಾಗ ಎಲ್ಲರೂ ಎಕ್ಸ್‌ಪ್ರೆಸ್‌ವೇ, ವಿಮಾನ ನಿಲ್ದಾಣ ತೋರಿಸುತ್ತಾರೆ. ಅವೂ ಬೇಕು. ಆದರೆ ನಮ್ಮಂಥ ಘಟಕ ಊರಲ್ಲಿ ಬೇರು ಬಿಡುವುದು ಕರೆಂಟು, ಕೆಲಸಗಾರರ ಬಸ್ಸು, ಅವರ ಮನೆಯ ನಲ್ಲಿ ನೀರು ನೆಟ್ಟಗಿದ್ದರೆ ಮಾತ್ರ.

ಮೊದಲು ರಸ್ತೆ. ಬೆಂಗಳೂರಿನ ಗಿರಾಕಿಗಳಿದ್ದರೆ ಮೈಸೂರಿಗೆ ಸಾಟಿಯಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿ ಬಂದ ಮೇಲೆ ಬೆಳಿಗ್ಗೆ ಲೋಡ್ ಮಾಡಿದ ಮಾಲು ನೈಸ್ ರಸ್ತೆ ಹಿಡಿದು ಮಧ್ಯಾಹ್ನದೊಳಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುತ್ತದೆ. ಟೋಲ್ ಕೈ ಕಚ್ಚುತ್ತದೆ, ಆದರೆ ಅದೇ ಗಾಡಿ ಅದೇ ದಿನ ವಾಪಸ್ ಬರುವುದರಿಂದ ಒಟ್ಟಿನಲ್ಲಿ ಗಿಟ್ಟುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು, ಅಲ್ಲಿಗೆ ಇಡೀ ರಾತ್ರಿಯ ಓಟ. ಆದರೆ ನಮ್ಮ ಕಚ್ಚಾಮಾಲು ಬರುವುದು ಬೆಳಗಾವಿಯ ಉದ್ಯಮಬಾಗ್ ಮತ್ತು ಕೊಲ್ಹಾಪುರದ ಫೌಂಡ್ರಿಗಳಿಂದ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಗಳಿಂದ. ಹುಬ್ಬಳ್ಳಿಯಲ್ಲಿದ್ದಾಗ ಎರಕದಲ್ಲಿ ಗಾಳಿಗುಳ್ಳೆ ಕಂಡರೆ ಅದೇ ದಿನ ಹಿಂದಕ್ಕೆ ಕಳಿಸುತ್ತಿದ್ದೆ. ಮೈಸೂರಿನಿಂದ ಅದೇ ಕೆಲಸಕ್ಕೆ ವಾರ ಹಿಡಿಯುತ್ತಿತ್ತು. ಹುಬ್ಬಳ್ಳಿ–ಧಾರವಾಡ ಬೈಪಾಸ್ ಮಾತ್ರ ಎದೆ ನಡುಗಿಸುತ್ತದೆ. ಪುಣೆ–ಬೆಂಗಳೂರು ಹೆದ್ದಾರಿ ಉದ್ದಕ್ಕೂ ಅಗಲವಾದರೂ ಈ ತುಂಡು ಎಷ್ಟೋ ವರ್ಷ ಎರಡೇ ಪಥದಲ್ಲಿ ಉಳಿಯಿತು, ಅಲ್ಲಿ ಹೋದ ಜೀವಗಳಿಗೆ ಲೆಕ್ಕವಿಲ್ಲ. ಆರು ಪಥದ ಕೆಲಸ ಬೇಗ ಮುಗಿಯಲಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ಕರೆಂಟು. ವೋಲ್ಟೇಜ್ ಅರೆಕ್ಷಣ ಕುಸಿದರೂ ಸಿಎನ್‌ಸಿ ಅಲಾರಂ ಕೊಟ್ಟು ನಿಂತುಬಿಡುತ್ತದೆ. ಟೂಲ್ ಲೋಹದೊಳಗೆ ಕಚ್ಚಿಕೊಂಡಿರುವಾಗ ಹೀಗಾದರೆ ಟೂಲಿನ ತುದಿಯ ಇನ್ಸರ್ಟ್ ಮುರಿಯುತ್ತದೆ, ಕೊರೆದ ರಂಧ್ರದ (ಬೋರ್) ಒಳಮೈಯಲ್ಲಿ ಗೀರು ಬೀಳುತ್ತದೆ, ಸ್ಟೇನ್‌ಲೆಸ್ ಸ್ಟೀಲಿನ ವಾಲ್ವ್ ಬಾಡಿ ನೇರ ಗುಜರಿಗೆ. ಜನರೇಟರ್ ಚಾಲೂ ಆಗುವಷ್ಟರಲ್ಲಿ ಆಗಬಾರದ್ದು ಆಗಿರುತ್ತದೆ. ಮೈಸೂರಿನ ನಮ್ಮ ಶೆಡ್ ಕೈಗಾರಿಕೆಗಳಿಗೆಂದೇ ಇರುವ ಫೀಡರ್‌ನಲ್ಲಿತ್ತು (ಸಬ್‌ಸ್ಟೇಷನ್‌ನಿಂದ ಬರುವ ಕರೆಂಟಿನ ಲೈನು), ಅಲ್ಲಿ ಈ ಕಾಟ ಅಪರೂಪ. ಹುಬ್ಬಳ್ಳಿಯ ಶೆಡ್ ಅಕ್ಕಪಕ್ಕದ ಹಳ್ಳಿಯ ಜೊತೆ ಲೈನ್ ಹಂಚಿಕೊಂಡಿತ್ತು, ಮಳೆಗಾಳಿ ಬಂದರೆ ಯಂತ್ರ ನಿಲ್ಲಿಸಿಯೇ ಕೂರಬೇಕು. ಇದು ಊರಿನ ಗುಣವಲ್ಲ, ಲೈನಿನ ಗುಣ. ಆದ್ದರಿಂದ ಶೆಡ್ ಹಿಡಿಯುವವರಿಗೆ ಒಂದು ಮಾತು: ಪಕ್ಕದ ಕಾರ್ಖಾನೆಯವರನ್ನು ಕೇಳಿ ಅವರ ಯಂತ್ರದ ಅಲಾರಂ ಹಿಸ್ಟರಿ ತೆಗೆಸಿ ನೋಡಿ. ಕರೆಂಟು ಯಾವ ದಿನ, ಎಷ್ಟು ಹೊತ್ತಿಗೆ ಕೈಕೊಟ್ಟಿತು ಎಂಬುದು ಅದರಲ್ಲೇ ಸಿಗುತ್ತದೆ. ಯಾವ ಬ್ರೋಷರಿನಲ್ಲೂ ಇದು ಇರುವುದಿಲ್ಲ.

ಕೆಲಸಗಾರರ ಓಡಾಟದಲ್ಲಿ ಹುಬ್ಬಳ್ಳಿಗೇ ನನ್ನ ಮತ. ಹುಬ್ಬಳ್ಳಿ–ಧಾರವಾಡದ ನಡುವೆ ತನ್ನದೇ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನಿಂದಾಗಿ ಧಾರವಾಡದ ಐಟಿಐ ಹುಡುಗರು ರೂಮು ಹುಡುಕುವ ಗೋಜಿಲ್ಲದೆ ಮನೆಯಿಂದಲೇ ಬರುತ್ತಿದ್ದರು. ನಿಲ್ದಾಣದಿಂದ ನಡೆದರೆ ಶೆಡ್. ಎರಡನೇ ಶಿಫ್ಟ್ ಶುರು ಮಾಡುವ ಧೈರ್ಯ ಬಂದದ್ದೇ ಅದರಿಂದ. ಮೈಸೂರಿನ ಕೂರ್ಗಳ್ಳಿ ಕಡೆ ರಾತ್ರಿ ಪಾಳಿಯವರಿಗೆ ನಾವೇ ವ್ಯಾನ್ ಮಾಡಬೇಕಾಯಿತು. ದೊಡ್ಡ ಕಂಪನಿಗಳು ಸ್ವಂತ ಬಸ್ ಇಟ್ಟುಕೊಳ್ಳಬಲ್ಲವು. ಆರೇಳು ಜನರ ಘಟಕಕ್ಕೆ ಊರಿನ ಬಸ್ಸೇ ಗತಿ. ಹಾಗೆಂದು ಮೈಸೂರಿನಲ್ಲಿ ನುರಿತ ಕೈಗಳಿಗೆ ಬರವಿಲ್ಲ. ಬೆಮೆಲ್, ಆಟೋಮೋಟಿವ್ ಆಕ್ಸಲ್ಸ್‌ನಂಥ ಕಾರ್ಖಾನೆಗಳಿರುವ ಊರದು, ಡ್ರಾಯಿಂಗ್ ಕೊಟ್ಟರೆ ಸಾಕು, ಮಿಕ್ಕಿದ್ದು ಅವರೇ ನೋಡಿಕೊಳ್ಳುತ್ತಾರೆ.

ವಿಮಾನದ ಮಾತು ಚುಟುಕಾಗಿ ಹೇಳುತ್ತೇನೆ. ಮೈಸೂರಿನ ರನ್‌ವೇ ಚಿಕ್ಕದು, ಎಟಿಆರ್‌ನಂಥ ಸಣ್ಣ ವಿಮಾನಗಳಷ್ಟೇ ಇಳಿಯುತ್ತವೆ. ಹುಬ್ಬಳ್ಳಿಯಲ್ಲಿ ದೊಡ್ಡವೂ ಇಳಿಯುತ್ತವೆ. ಹೊರರಾಜ್ಯದ ಗಿರಾಕಿ ತಪಾಸಣೆಗೆ ಬರುವಾಗ ಇದು ಉಪಯೋಗಕ್ಕೆ ಬಂತು, ಅಷ್ಟೇ.

ನೀರಿನಲ್ಲಿ ಹುಬ್ಬಳ್ಳಿ ಸೋಲುತ್ತದೆ. ಯಂತ್ರ ತಂಪಾಗಿಡುವ ಕೂಲಂಟ್ ಬೆರೆಸಲು ಬೇಕಾಗುವ ನೀರು ಅಲ್ಪ, ತೊಂದರೆ ಮನೆಗಳದ್ದು. ಮೈಸೂರಿಗೆ ಕಾವೇರಿ, ಕಬಿನಿ ಎರಡೂ ಇವೆ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ 2008ರಲ್ಲೇ ಗೆದ್ದಿತ್ತು. ಆದರೂ ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಬಡಾವಣೆಗಳು ಇನ್ನೂ ಇವೆ. ಮೈಸೂರಿನ ನಮ್ಮ ಸೂಪರ್‌ವೈಸರನ್ನು ಹೆಚ್ಚಿನ ಸಂಬಳಕ್ಕೆ ಹುಬ್ಬಳ್ಳಿಗೆ ಕರೆದಾಗ, “ಮನೇಲಿ ಒಪ್ತಿಲ್ಲ ಸಾರ್, ನೀರು ಹಿಡಿದಿಡೋದೇ ಒಂದು ಕೆಲಸ ಆಗುತ್ತೆ ಅಂತಾರೆ” ಎಂದರು. ಅವರ ಮನೆಯವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ಭಾರದ ವಾಲ್ವ್ ಬಾಡಿಗಳ ಕೆಲಸ ಹುಬ್ಬಳ್ಳಿಯಲ್ಲಿ, ಬೆಂಗಳೂರಿಗೆ ಹೋಗುವ ಸಣ್ಣ, ನಾಜೂಕಿನ ಭಾಗಗಳು ಮೈಸೂರಿನಲ್ಲಿ. ಒಂದನ್ನೇ ಆರಿಸು ಎಂದರೆ ಹುಬ್ಬಳ್ಳಿ ಎನ್ನುತ್ತೇನೆ. ಫೌಂಡ್ರಿ ಹತ್ತಿರ, ವಾಲ್ವ್ ಕಾರ್ಖಾನೆಗಳು ಊರಲ್ಲೇ, ಬಸ್ಸು ಬಾಗಿಲಿಗೆ. ಆದರೆ ಕೈಗಾರಿಕೆಗೇ ಮೀಸಲಾದ ಫೀಡರ್ ಇಲ್ಲದ ಶೆಡ್ಡಿಗೆ ಬಾಡಿಗೆ ಎಷ್ಟೇ ಇಳಿಸಿಕೊಟ್ಟರೂ ಇನ್ನು ಮುಂಗಡ ಕೊಡುವುದಿಲ್ಲ.