ಮಹಜರ್‌ಗೆ ಸಹಿ ಹಾಕುವ ಮುಂಚೆ ಈ ನಾಲ್ಕು ಭಾನುವಾರ

ತಿಪಟೂರಿನಲ್ಲಿ ನಿವೃತ್ತ ಸರ್ಕಾರಿ ವಕೀಲರೊಬ್ಬರು ನಾಲ್ಕು ಭಾನುವಾರ ಸಾಕ್ಷ್ಯ ಕಾನೂನಿನ ಪಾಠ ಮಾಡುತ್ತಾರೆ. ಬೆಳಿಗ್ಗೆ 10ರಿಂದ 1ರವರೆಗೆ. ಫೀಸು 800 ರೂಪಾಯಿ, ಕಾಫಿ ಸೇರಿ. ವಕೀಲಿ ಓದುವವರಿಗಲ್ಲ, ನಮ್ಮಂಥವರಿಗೆ. ನಾನು ಅರಸೀಕೆರೆ ಕಡೆ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿ ಮೇನ್ ರೋಡಿನಲ್ಲೇ ಇರುವುದರಿಂದ, ಪೊಲೀಸರು ಮಹಜರ್‌ಗೆ, ಅಂದರೆ ಜಾಗದಲ್ಲಿ ಕಂಡದ್ದು ಸಿಕ್ಕಿದ್ದನ್ನು ಸಾಕ್ಷಿಗಳ ಎದುರು ಬರೆಯುವುದಕ್ಕೆ, ಜನ ಬೇಕೆಂದಾಗ ಮೊದಲು ನನ್ನನ್ನೇ ಕರೆಯುತ್ತಾರೆ.

ಪಾಠಕ್ಕೆ ಸೇರಲು ಒಂದು ಕಾರಣ ಇತ್ತು. ಕೆಲವು ವರ್ಷಗಳ ಹಿಂದೆ ಒಂದು ಕೊಲೆ ಕೇಸಿನಲ್ಲಿ ಪಂಚನಾಗಿದ್ದೆ, ಅಂದರೆ ಮಹಜರ್‌ನ ಸಾಕ್ಷಿ. ಠಾಣೆಗೆ ಕರೆಸಿ, ಮೊದಲೇ ಬರೆದಿಟ್ಟಿದ್ದ ಹಾಳೆ ಮುಂದಿಟ್ಟರು. ಸಹಿ ಹಾಕಿದೆ. ಮಚ್ಚು ಸಿಕ್ಕಿತು ಎಂದು ಬರೆದಿದ್ದ ತೋಟಕ್ಕೆ ಹೋಗಿರಲಿಲ್ಲ, ಏನೂ ನೋಡಿರಲಿಲ್ಲ. ಕೋರ್ಟಿನಲ್ಲಿ ಬಟ್ಟೆ ಬಿಚ್ಚಿ ಒಂದು ಮಚ್ಚು ತೋರಿಸಿದರು. ‘ಇದೇನಾ?’ ಅಂದರು. ಅಂಥ ಮಚ್ಚು ನನ್ನ ಅಂಗಡಿಯ ಗೋಡೆಯ ಮೇಲೆ ಯಾವಾಗಲೂ ಹತ್ತು ನೇತಾಡುತ್ತಿರುತ್ತವೆ. ಅದೇ ಮರದ ಹಿಡಿ, ಅದೇ ಎರಡು ರಿವೆಟ್. ‘ಎಲ್ಲಿಂದ ತೆಗೆದರು, ನೀವು ನೋಡಿದಿರಾ?’ ಎಂದು ಕೇಳಿದರು. ಇಲ್ಲ ಅಂದೆ. ಆರೋಪಿ ಬಿಡುಗಡೆಯಾದ. ಸತ್ತ ಹುಡುಗನ ತಾಯಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಅವನೇ ಮಾಡಿದ್ದನೋ, ಪಾಪ ಸುಮ್ನೆ ಸಿಕ್ಕಿಹಾಕಿಕೊಂಡಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಗೊತ್ತಾಗುವ ಒಂದು ದಾರಿ ನನ್ನ ಸಹಿಯಿಂದಲೇ ಮುಚ್ಚಿಹೋಯಿತು.

‘ಅವನೇ ಪೊಲೀಸರ ಮುಂದೆ ಒಪ್ಪಿಕೊಂಡಿದ್ದನಲ್ಲ ಸಾರ್, ಆಮೇಲೆ ಹೇಗೆ ಬಿಟ್ಟರು?’ ಮೊದಲ ಭಾನುವಾರ ನಾನು ಕೇಳಿದ ಮೊದಲ ಪ್ರಶ್ನೆಯೇ ಇದು. ಸಾರ್ ಬೋರ್ಡಿನ ಮೇಲೆ 1872ರ ಸಾಕ್ಷ್ಯ ಕಾಯ್ದೆಯ 25, 26, 27ನೇ ಸೆಕ್ಷನ್‌ಗಳನ್ನು ಬರೆದರು. ಪಕ್ಕದಲ್ಲಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್. ಆ ಮೂರೂ ಈಗ ಇದೊಂದರಲ್ಲೇ ಸೇರಿವೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಹೊಡೆದು ಬಡಿದು ಹೇಳಿಸಬಾರದು ಎಂದೇ ಈ ಕಟ್ಟು. ಆದರೆ ಅವನ ಮಾತಿನಿಂದ ಒಂದು ವಿಷಯ ಹೊಸದಾಗಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟ ತುಂಡು ಮಾತ್ರ ನಿಲ್ಲುತ್ತದೆ.

ಇದನ್ನು ಅವರು ಕಲಿಸಿದ ರೀತಿಗೇ ನಾನು 800 ರೂಪಾಯಿ ಕೊಡುತ್ತೇನೆ. ಎಲ್ಲರಿಗೂ ಒಂದು ಹಾಳೆ, ಒಂದು ಕೆಂಪು ಪೆನ್ನು. ಹಾಳೆಯಲ್ಲಿ ಒಂದು ಸ್ವ-ಇಚ್ಛಾ ಹೇಳಿಕೆ, ಅಂದರೆ ಆರೋಪಿ ತಾನಾಗಿ ಹೇಳಿದ್ದು ಎಂದು ಪೊಲೀಸರು ಬರೆದುಕೊಳ್ಳುವ ಮಾತು: ‘ನಾನು ಅವನನ್ನು ಕಡಿದ ಮಚ್ಚನ್ನು ಪಂಪ್‌ಹೌಸಿನ ಹಿಂದೆ ಹೂತಿಟ್ಟಿದ್ದೇನೆ, ಬಂದರೆ ತೋರಿಸುತ್ತೇನೆ.’ ಕೋರ್ಟು ಓದಬಾರದ್ದನ್ನು ಹೊಡೆದುಹಾಕಿ ಅಂದರು. ‘ನಾನು ಅವನನ್ನು ಕಡಿದ’ ಎನ್ನುವುದರ ಮೇಲೆ ಗೆರೆ ಎಳೆದೆ. ಉಳಿದದ್ದು ಮಚ್ಚು, ಪಂಪ್‌ಹೌಸು, ತೋರಿಸುತ್ತೇನೆ. 1946ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿದ್ದ ಕೊನೆಯ ಅಪೀಲಿನ ಕೋರ್ಟು) ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ ಹೇಳಿದ್ದೂ ಇದನ್ನೇ. ಪತ್ತೆ ಎಂದರೆ ಬರೀ ಚಾಕುವಲ್ಲ. ಅದು ಎಲ್ಲಿತ್ತು, ಅಲ್ಲಿರುವುದು ಅವನಿಗೆ ಗೊತ್ತಿತ್ತು, ಇಷ್ಟು. ಹಾಗಾದರೆ ಆ ಜಾಗದಲ್ಲಿ ನಿಂತು ನೋಡಿದವರು ಯಾರು? ಪಂಚರು! ನಾನು ನಿಲ್ಲದೇ ಹೋದ ಜಾಗ ಎಂಥದ್ದು ಎಂದು ಆವತ್ತು ಅರ್ಥವಾಯಿತು.

ಎರಡನೇ ವಾರ ಪೂರ್ತಿ ಒಂದೇ ಕೇಸು. 1963ರಲ್ಲಿ ಆಗಿನ ರಾಂಚಿ ಜಿಲ್ಲೆಯ ಪಾಲ್ಕೋಟ್ ಠಾಣೆಗೆ ಅಘ್ನೂ ನಗೇಸಿಯಾ ಎನ್ನುವವನು ತಾನೇ ನಡೆದು ಬಂದು, ನಾಲ್ವರನ್ನು ಕೊಂದೆ ಎಂದು ದೂರು ಬರೆಸಿದ. ಶವ, ಕೊಡಲಿ, ರಕ್ತದ ಕಲೆಯ ಬಟ್ಟೆ ಎಲ್ಲಾ ಸಿಕ್ಕವು. ಕೆಳಗಿನ ಕೋರ್ಟು ಗಲ್ಲು ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟು ಆ ದೂರನ್ನು 18 ತುಂಡು ಮಾಡಿ ನೋಡಿತು. ತಪ್ಪೊಪ್ಪಿಗೆಯ ಭಾಗವೆಲ್ಲ ಹೋದ ಮೇಲೆ ಉಳಿದದ್ದು ಶಿಕ್ಷೆಗೆ ಸಾಲದು ಎಂದು ಬಿಟ್ಟುಬಿಟ್ಟಿತು. ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ಅಂಗನವಾಡಿ ಟೀಚರೊಬ್ಬರಿಗೆ ಇದು ಅನ್ಯಾಯ ಅನ್ನಿಸಿತು. ಸಾರ್ ಅವರ ಬಾಯಿ ಮುಚ್ಚಿಸಲಿಲ್ಲ, ಅರ್ಧ ಗಂಟೆ ಕೇಳಿಸಿಕೊಂಡರು. ಇದು ನನಗೆ ತುಂಬಾ ಇಷ್ಟವಾಯಿತು.

ಹಾಗಂತ ಸಾಂದರ್ಭಿಕ ಸಾಕ್ಷ್ಯದ ಮೇಲೆ, ಅಂದರೆ ಕೊಲೆಯನ್ನು ಕಣ್ಣಾರೆ ಕಂಡವರಿಲ್ಲದೆ ಸುತ್ತಲಿನ ಸಂಗತಿಗಳ ಮೇಲೆಯೇ, ಶಿಕ್ಷೆ ಆಗುವುದೇ ಇಲ್ಲ ಅಂತಲ್ಲ, ಆಗುತ್ತದೆ. 1984ರ ಶರದ್ ಬಿರ್ಧಿಚಂದ್ ಸರ್ದಾ ತೀರ್ಪಿನ ಐದು ಸೂತ್ರಗಳನ್ನು ಮೂರನೇ ವಾರ ಹೇಳಿಕೊಟ್ಟರು. ನನಗೆ ನಾಟಿದ್ದು ಒಂದು. ‘ಅವನೇ ಮಾಡಿರಬಹುದು’ ಸಾಲದು, ‘ಅವನೇ ಮಾಡಿರಲೇಬೇಕು’ ಅನ್ನುವಂತಿರಬೇಕು. ಕೊಂಡಿ ಕೊಂಡಿ ಸೇರಿ ಸರಪಳಿ ಪೂರ್ತಿಯಾಗಬೇಕು. ಸತ್ತವನ ಜೊತೆ ಕೊನೆಗೆ ಕಂಡದ್ದು ಯಾರು, ಮಚ್ಚು ಎಲ್ಲಿ ಸಿಕ್ಕಿತು, ರಕ್ತ ಯಾರದು, ಇವೆಲ್ಲ ಒಂದೊಂದು ಕೊಂಡಿ. 2022ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಸುಬ್ರಮಣ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪಂಚರ ಎದುರಲ್ಲೇ ಆರೋಪಿಯ ಮಾತು ಬರೆದುಕೊಳ್ಳಬೇಕು, ಅವನು ಆಡಿದ ಮಾತು ಹಾಗೇ ಇರಬೇಕು ಎಂದು ಬಿಡಿಸಿ ಹೇಳಿದೆಯಂತೆ. ಆ ಪುಟದ ಜೆರಾಕ್ಸ್ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.

ಕೊರತೆಯನ್ನೂ ಹೇಳಬೇಕು. ನಾಲ್ಕನೇ ವಾರ ಮೊಬೈಲ್ ಟವರ್ ದಾಖಲೆ, ಸಿಸಿಟಿವಿ, ಡಿಎನ್ಎ ಎಲ್ಲವನ್ನೂ ಮೂರು ಗಂಟೆಯಲ್ಲಿ ಓಡಿಸಿದರು. ಈಗಿನ ಕೇಸುಗಳಲ್ಲಿ ಅವೇ ಜಾಸ್ತಿ, ಅಲ್ವಾ? ಜಪ್ತಿ ಮಾಡುವಾಗ ಈಗ ವಿಡಿಯೋ ಮಾಡಲೇಬೇಕು ಎಂದರು, ಅದನ್ನು ಮಾಡಿ ತೋರಿಸಲಿಲ್ಲ. ಕೊಟ್ಟ ತೀರ್ಪುಗಳ ಪ್ರತಿ ಇಂಗ್ಲಿಷಿನಲ್ಲೇ ಇತ್ತು, ಅಕ್ಷರವೂ ಸಣ್ಣದು. ಮಹಡಿಯ ಕೋಣೆ, ಹತ್ತೂವರೆಗೇ ಸೆಕೆ.

ಆದರೂ ಅಂಗಡಿಯವರು, ಆಟೋದವರು, ಗ್ರಾಮ ಪಂಚಾಯಿತಿ ಸದಸ್ಯರು ಹೋಗಲೇಬೇಕು. ಮೊನ್ನೆ ಒಂದು ಕಳ್ಳತನದ ಕೇಸಿಗೆ ನನ್ನನ್ನು ಮತ್ತೆ ಕರೆದರು. ಜಾಗಕ್ಕೆ ಹೋಗಿ ಬಂದ ಮೇಲೆ ಸಹಿ ಹಾಕುತ್ತೇನೆ ಅಂದೆ. ಎಸ್‌ಐ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಜೀಪಿನಲ್ಲಿ ಕೂರಿಸಿಕೊಂಡರು. ಕಲ್ಲಿನ ರಾಶಿಯೊಳಗಿಂದ ಪಂಪಿನ ಮೋಟಾರು ತೆಗೆದದ್ದನ್ನು ಕಣ್ಣಾರೆ ನೋಡಿದೆ. ಮೋಟಾರಿನ ಮೇಲಿದ್ದ ನಂಬರನ್ನು ಹಾಳೆಯಲ್ಲಿ ಬರೆಸಿದೆ. ಬಟ್ಟೆ ಸುತ್ತಿ ಅರಗು ಹಾಕುವವರೆಗೂ ಅಲ್ಲೇ ನಿಂತಿದ್ದೆ. ಸಹಿ ಹಾಕುವಾಗ ಸಂಜೆ 5.40.